ಅವ್ವನ ಸೊಂಟ, ಸುಣ್ಣದ ಡಬ್ಬಿ

ನಮ್ಮ ಗೌಡಗೆರೆ ಹೋಬಳಿಯ ಯಾವ ಹಳ್ಳಿಗೆ ಹೋದರೂ ಗೋಡೆಯ ಮೊಳೆಯಲ್ಲಿ ಒಂದಾದರೂ ಎಕ್ಸರೇ ಕವರು ತೂಗುತ್ತಿರುತ್ತದೆ. ಯಾರೂ ಅದನ್ನು ಎಸೆಯುವುದಿಲ್ಲ. ಗ್ರಹಣದ ದಿನ ಮಾತ್ರ ಕೆಳಗಿಳಿಸುತ್ತಾರೆ. ಅಜ್ಜನ ಬೆನ್ನುಮೂಳೆಯ ಸಂದಿಯಿಂದ ಮೊಮ್ಮಕ್ಕಳು ಸೂರ್ಯನನ್ನು ನೋಡುತ್ತಾರೆ. (ನೋಡಬಾರದು, ಕಣ್ಣು ಹೋಗುತ್ತದೆ ಎಂದು ಮೇಷ್ಟ್ರುಗಿರಿಯ ಉದ್ದಕ್ಕೂ ಬಡಕೊಂಡಿದ್ದೇನೆ.) ಈಗೀಗ ಫಿಲಂ ಜೊತೆ ಸಿ.ಡಿ.ಯನ್ನೂ ಕೊಡುತ್ತಾರೆ. ಅದಕ್ಕೂ ನಮ್ಮವರು ಉಪಯೋಗ ಕಂಡುಕೊಂಡಿದ್ದಾರೆ: ದಾರ ಕಟ್ಟಿ ಹೊಲದಲ್ಲಿ ತೂಗಿಬಿಟ್ಟರೆ ಹಕ್ಕಿ ಹತ್ತಿರ ಸುಳಿಯುವುದಿಲ್ಲ.

ಅವ್ವ ಕೊಟ್ಟಿಗೆಯಲ್ಲಿ ಜಾರಿ ಬಿದ್ದಾಗ ತುಮಕೂರಿನಲ್ಲಿ ಸೊಂಟದ ಸಿ.ಟಿ. ಸ್ಕ್ಯಾನ್ ಮಾಡಿಸಿದೆವು. ಆ ಸಿ.ಡಿ. ಹೊಲ ಸೇರುವ ಮೊದಲು ನನ್ನ ಕೈಗೆ ಬಿತ್ತು. ಮಗಳು ಲ್ಯಾಪ್‌ಟಾಪಿಗೆ ಇನ್‌ವೆಸಾಲಿಯಸ್ ಎಂಬ ಪುಕ್ಕಟೆ ಪ್ರೋಗ್ರಾಂ ಹಾಕಿಕೊಟ್ಟಳು. ಬ್ರೆಜಿಲ್‌ನ ಕಾಂಪಿನಾಸ್‌ನಲ್ಲಿರುವ ಸರ್ಕಾರಿ ಸಂಶೋಧನಾ ಕೇಂದ್ರವೊಂದು ಅಲ್ಲಿನ ಸರ್ಕಾರಿ ಆಸ್ಪತ್ರೆಗಳಿಗೆಂದು 2001ರಲ್ಲಿ ಶುರುಮಾಡಿದ ಕೆಲಸ ಅದು. ಹೆಸರು, 1543ರಲ್ಲಿ ಮನುಷ್ಯ ದೇಹದ ಮೇಲೆ ದೊಡ್ಡ ಗ್ರಂಥ ಬರೆದ ವೆಸಾಲಿಯಸ್‌ನದು. ಅವನಿಗೆ ಕೊಯ್ದು ನೋಡಲು ಹೆಣ ಬೇಕಿತ್ತು. ನನ್ನ ಅವ್ವ ಪಕ್ಕದ ಕೋಣೆಯಲ್ಲಿ ಸೊಸೆಯನ್ನು ಬೈಯುತ್ತಿರುವಾಗಲೇ ಅವಳ ಎಲುಬು ನನ್ನ ಮುಂದಿತ್ತು.

ಕೆಲಸ ಸುಲಭ. ಫೋಲ್ಡರ್ ತೋರಿಸಿದರೆ ನೂರಾರು ಬೂದು ಚಿತ್ರಗಳು ತೆರೆದುಕೊಳ್ಳುತ್ತವೆ. ಒಂದೊಂದರಲ್ಲೂ ಅಡ್ಡ 512, ಉದ್ದ 512 ಚುಕ್ಕಿ, ಚುಕ್ಕಿಗೊಂದು ಅಂಕಿ. ನೀರಿಗೆ 0, ಗಾಳಿಗೆ ಮೈನಸ್ 1000, ಎಲುಬಿಗೆ ಕೆಲವು ನೂರರಿಂದ ಸಾವಿರದಾಚೆ. ‘ಬೋನ್’ ಎಂದು ಒತ್ತಿದರೆ 226ಕ್ಕೆ ಮೇಲ್ಪಟ್ಟ ಚುಕ್ಕಿಗಳನ್ನಷ್ಟೇ ಆರಿಸಿಕೊಂಡು ಅದು ಮೂರು ಆಯಾಮದ ಗೊಂಬೆ ಕಟ್ಟುತ್ತದೆ. ಮೌಸ್ ಹಿಡಿದು ತಿರುಗಿಸಿದೆ. ಹೊಟ್ಟೆಯೊಳಗೆ ನನ್ನನ್ನು ಹೊತ್ತ ಸೊಂಟವನ್ನು ಒಳಗಿನಿಂದ, ಕೆಳಗಿನಿಂದ ನೋಡುವಾಗ ಸ್ವಲ್ಪ ಸಂಕೋಚವೂ ಆಯಿತು.

ರಾಂಟ್‌ಗೆನ್ 1895ರಲ್ಲಿ ಹೆಂಡತಿಯ ಕೈಯೆಲುಬನ್ನು ಉಂಗುರದ ಸಮೇತ ಕಂಡದ್ದು ಬರೀ ನೆರಳು. ನೆರಳಿನಿಂದ ಗೊಂಬೆಗೆ ಬರಲು ಲೆಕ್ಕ ಬೇಕು. ಹೆಣ್ಣು ಕೊಡುವ ಮುನ್ನ ಗಂಡಿನ ಮನೆಯ ಬಗ್ಗೆ ನಾಲ್ಕು ಬೀದಿಯಲ್ಲಿ ವಿಚಾರಿಸುತ್ತೇವಲ್ಲ, ಹಾಗೆ. ಎಕ್ಸರೇ ಒಂದೇ ಬೀದಿಯ ಮಾತು. ಮುಂದಿನದು ಹಿಂದಿನದು ಒಂದರ ಮೇಲೊಂದು ಬಿದ್ದಿರುತ್ತದೆ. ಸಿ.ಟಿ. ಸುತ್ತಲೂ ತಿರುಗಿ ನೂರಾರು ದಿಕ್ಕಿನಿಂದ ಕೇಳಿ, ಒಳಗೆ ಎಲ್ಲಿ ಏನಿದೆಯೆಂದು ಲೆಕ್ಕ ಕಟ್ಟುತ್ತದೆ. ಆದರೆ ಎಲ್ಲರ ಮಾತನ್ನೂ ಸುಮ್ಮನೆ ಕೂಡಿಸಿದರೆ ಗಟ್ಟಿಯಾದ ಒಂದು ಸುದ್ದಿ ಅಕ್ಕಪಕ್ಕಕ್ಕೆಲ್ಲ ಹಬ್ಬಿ ಚಿತ್ರ ಮಸಕಾಗುತ್ತದೆ. ಹಬ್ಬಿದ್ದನ್ನು ಕಳೆಯುವ ಚುರುಕಾದ ದಾರಿಯೊಂದನ್ನು ಜಿ.ಎನ್. ರಾಮಚಂದ್ರನ್ ಮತ್ತು ಎ.ವಿ. ಲಕ್ಷ್ಮೀನಾರಾಯಣನ್ 1971ರಲ್ಲಿ ಪ್ರಕಟಿಸಿದರು: ಕೂಡಿಸುವ ಮೊದಲೇ ಪ್ರತಿ ನೆರಳಿನಲ್ಲೂ ನೆರೆಹೊರೆಯ ಪಾಲನ್ನು ಇಂತಿಷ್ಟು ಎಂದು ಕಳೆದುಬಿಡಿ. ರಾಮಚಂದ್ರನ್ ಎಂದರೆ ಸಿ.ವಿ. ರಾಮನ್ನರ ಶಿಷ್ಯ, ಎಲುಬಿನೊಳಗಿನ ಕೊಲಾಜೆನ್ ಮೂರೆಳೆ ಹುರಿಯೆಂದು ಮದರಾಸಿನಲ್ಲಿದ್ದಾಗಲೇ ತೋರಿಸಿದ್ದವರು. 1971ರ ಹೊತ್ತಿಗೆ ಅವರು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದಿದ್ದರು. ಶಿರಾದಲ್ಲಿ ಬೆಳಿಗ್ಗೆ ಬಸ್ ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮುಂಚೆ ಮುಟ್ಟುವ ಜಾಗ!

ಅದೇ 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲೆ ಆಸ್ಪತ್ರೆಯಲ್ಲಿ ಮೊದಲ ರೋಗಿಯ ತಲೆಯನ್ನು ಸ್ಕ್ಯಾನ್ ಮಾಡಿದರು. ಯಂತ್ರ ಕಟ್ಟಿದವನು ಹೌನ್ಸ್‌ಫೀಲ್ಡ್, ನಾವು ಎಚ್‌ಎಂವಿ ಪ್ಲೇಟಿನಲ್ಲಿ ಹಾಡು ಕೇಳುತ್ತಿದ್ದೆವಲ್ಲ, ಆ ಇ.ಎಂ.ಐ. ಕಂಪನಿಯ ಇಂಜಿನಿಯರು. 1979ರ ನೊಬೆಲ್ ಅವನಿಗೂ ಇದೇ ಲೆಕ್ಕದ ಮೇಲೆ ಬೇರೆಯಾಗಿ ದುಡಿದಿದ್ದ ಕಾರ್ಮಾಕ್‌ಗೂ ಹೋಯಿತು. ನಮ್ಮವರಿಗೆ ಸಿಗಲಿಲ್ಲವೆಂಬ ಹೊಟ್ಟೆಯುರಿ ನನಗಿದೆ. ಆದರೂ ಯಂತ್ರ ಕಟ್ಟಿ ತೋರಿಸಿದವನು ಹೌನ್ಸ್‌ಫೀಲ್ಡ್, ಒಪ್ಪಬೇಕು. ‘ರಾಮ್-ಲಾಕ್’ ಎಂಬ ಮೊಟಕು ಹೆಸರಿನಲ್ಲಿ ನಮ್ಮವರಿಬ್ಬರೂ ಈ ವಿದ್ಯೆಯ ಪಠ್ಯಗಳಲ್ಲಿ ಇವತ್ತಿಗೂ ಇದ್ದಾರೆ.

ಗೊಂಬೆ ತಿರುಗಿಸುತ್ತಿದ್ದ ನನಗೆ, ಹಗ್ಗದಂತಿರಬೇಕಾದ ಕಡೆ ಎಲುಬಿನ ಮುಳ್ಳುಗಳು ಕಂಡವು. ಅದು ನಮ್ಮ ನೀರಿನ ಸಹಿ. ಪಾವಗಡ, ಶಿರಾ, ಮಧುಗಿರಿ ಕಡೆ ತೆರೆದ ಬಾವಿ ಬತ್ತಿ ಬೋರ್‌ವೆಲ್ ಆಳಕ್ಕಿಳಿದಂತೆ ಬಂಡೆಯ ಫ್ಲೋರೈಡ್ ಬಿಂದಿಗೆಗೆ ಬಂತು. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದೆಂಬ ನಿಯಮ ನಮ್ಮ ಕೊಳವೆಗಳಿಗೆ ಯಾರು ಹೇಳಬೇಕು? ವರ್ಷಗಟ್ಟಲೆ ಕುಡಿದರೆ ಎಲುಬು ದಪ್ಪವಾಗುತ್ತದೆ, ಗಟ್ಟಿಯಾಗುವುದಿಲ್ಲ. ಕೀಲು ಕಟ್ಟುವ ಅಸ್ಥಿರಜ್ಜುಗಳಲ್ಲೂ ಸುಣ್ಣ ಕೂರುತ್ತದೆ. ನೆಲ್ಲೂರು ಸೀಮೆಯಿಂದ ಇಂಥ ಎಲುಬುಗಳ ವರದಿ 1937ರಲ್ಲೇ ಬಂದಿತ್ತು. ನಾಣ್ಯ ಹಾಕಿ ಕ್ಯಾನು ತುಂಬಿಸುವ ಶುದ್ಧ ನೀರಿನ ಘಟಕ ನಮ್ಮೂರಿಗೆ ಬರುವ ಹೊತ್ತಿಗೆ ಅವ್ವನ ಎಲುಬು ತನ್ನ ಪಾಲು ಕುಡಿದಾಗಿತ್ತು.

ಬಲಸೊಂಟದ ಪಕ್ಕ ಇನ್ನೊಂದು ವಸ್ತು ಗಾಳಿಯಲ್ಲಿ ತೇಲುತ್ತಿತ್ತು. ದುಂಡಗೆ, ಮುಚ್ಚಳ ಸಮೇತ. ಗಡ್ಡೆಯೇ ಎಂದು ಎದೆ ಧಸಕ್ಕೆಂದಿತು. ಲ್ಯಾಪ್‌ಟಾಪ್ ಎತ್ತಿಕೊಂಡು ಹೋಗಿ ತೋರಿಸಿದರೆ ಅವ್ವ, “ಅದಾ? ಸುಣ್ಣದ ಡಬ್ಬಿ” ಅಂದಳು. ಎಲೆಅಡಿಕೆ ಚೀಲವನ್ನು ಸೀರೆಯ ನೆರಿಗೆಯೊಳಗೆ ಸಿಕ್ಕಿಸಿಕೊಂಡೇ ಯಂತ್ರದೊಳಗೆ ಹೋಗಿಬಂದಿದ್ದಳು.

“ತೆಗಿ ಅಂತ ಹೇಳಲಿಲ್ವೇನವ್ವಾ?”

“ಕಬ್ಬಿಣ ಇದ್ರೆ ತೆಗಿ ಅಂದ್ರು. ಇದು ಅಲ್ಯೂಮಿನಿ ಅಲ್ವೇನೋ?”

ಮೂಳೆ ಡಾಕ್ಟರ ಮುಂದೆ ನನ್ನ ಗೊಂಬೆಯನ್ನು ಹೆಮ್ಮೆಯಿಂದ ತಿರುಗಿಸಿ ತೋರಿಸಿದೆ. ಅವರು ಒಮ್ಮೆ ನೋಡಿ ಲ್ಯಾಪ್‌ಟಾಪನ್ನು ಪಕ್ಕಕ್ಕೆ ಸರಿಸಿ, ಬೂದು ಚಿತ್ರಗಳನ್ನು ಒಂದೊಂದಾಗಿ ಉರುಳಿಸುತ್ತ ಹೋದರು. ಒಂದು ಕಡೆ ನಿಂತು ಪೆನ್ನಿನ ತುದಿ ಇಟ್ಟರು: ಕೂದಲೆಳೆಯ ಕಪ್ಪು ಗೆರೆ. ಬಿರುಕು. ಗೊಂಬೆಯಲ್ಲಿ ಅದೇ ಜಾಗ ನುಣ್ಣಗಿತ್ತು. ಚುಕ್ಕಿ ಎಲುಬೋ ಅಲ್ಲವೋ ಎಂದು ಎರಡೇ ಪಾಲು ಮಾಡಿ ಮೇಲ್ಮೈ ನಯಗೊಳಿಸುವ ಪ್ರೋಗ್ರಾಂ ಬಿರುಕನ್ನೂ ಒರೆಸಿಬಿಟ್ಟಿತ್ತು. ನಮ್ಮ ಬೆರಳು 226ರಲ್ಲಿ ನಿಂತರೆ ಒಂದು ಸೊಂಟ, 400ರಲ್ಲಿ ನಿಂತರೆ ಇನ್ನೊಂದು.

ಆಪರೇಷನ್ ಬೇಡ, ಕೆಲವು ವಾರ ವಾಕರ್ ಹಿಡಿದು ನಡೆಯಲಿ ಎಂದರು ಡಾಕ್ಟರು. ಆಮೇಲೆ ಡಬ್ಬಿಯಿದ್ದ ಚಿತ್ರಕ್ಕೆ ಬಂದು, ಅದರಿಂದ ಸಿಡಿದ ಬಿಳಿ ಗೆರೆಗಳನ್ನು ನೋಡಿ ಹುಬ್ಬೇರಿಸಿದರು. ನಾನು ಬಾಯಿ ತೆರೆಯುವ ಮೊದಲೇ ಅವ್ವ ಸೊಂಟದಿಂದ ಚೀಲ ತೆಗೆದು, ಡಬ್ಬಿಯನ್ನು ಅವರ ಮೇಜಿನ ಮೇಲಿಟ್ಟು, ಎಲೆಗೆ ಸುಣ್ಣ ಸವರತೊಡಗಿದಳು.