ನಿನ್ನ ಬಾವಿಯ ಗೋಡೆ

ಪ್ರೀತಿಯ ಪುಟ್ಟೀ,

ಬಾವಿಯ ಫೋಟೋ ಬಂತು. ನಿನ್ನ ಮುಖಕ್ಕಿಂತ ಹಿಂದಿನ ಗೋಡೆಯನ್ನೇ ಹೆಚ್ಚು ಹೊತ್ತು ನೋಡಿದೆ, ಕೋಪ ಮಾಡಿಕೊಳ್ಳಬೇಡ ಮಾರಾಯ್ತಿ. ಮೇಲೆ ಕೆಂಪು, ಕೆಳಗೆ ಬಿಳಿ ಯಾಕೆ ಅಂತ ಕೇಳಿದ್ದೀಯಲ್ಲ, ಅದೆಲ್ಲ ಮಳೆಯ ಕೆಲಸ.

ನಮ್ಮ ಉಡುಪಿ ಕಡೆ ವರ್ಷಕ್ಕೆ 4000 ಮಿ.ಮೀ. ಆಸುಪಾಸು ಸುರಿಯುತ್ತದೆ. ಆ ನೀರು ಲಕ್ಷಾಂತರ ವರ್ಷಗಳಿಂದ ಬಂಡೆಯೊಳಗೆ ಇಳಿಯುತ್ತಲೇ ಇದೆ. ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಕರಗಿ ಹೊಳೆ ಸೇರಿದವು. ಸಿಲಿಕಾ ಕೂಡ ನಿಧಾನಕ್ಕೆ ಹೊರಟಿತು. ಜಗ್ಗದೆ ಉಳಿದದ್ದು ಕಬ್ಬಿಣ, ಅಲ್ಯೂಮಿನಿಯಂ. ಆದರೆ ಕಬ್ಬಿಣದ ಹಟವೆಲ್ಲ ಗಾಳಿ ಇರುವ ತನಕ. ನೀರು ನಿಂತು ಮಣ್ಣಿನ ಉಸಿರು ಕಟ್ಟಿತೋ, ಸೂಕ್ಷ್ಮಜೀವಿಗಳು ಅದನ್ನು ಕರಗಿಸಿಬಿಡುತ್ತವೆ. ಕೆಂಪು ಬಿಟ್ಟು ನೀರಿನ ಜೊತೆ ಹೊರಡುತ್ತದೆ. ಗಾಳಿ ತಾಗಿದಲ್ಲಿ ಮತ್ತೆ ತುಕ್ಕಾಗಿ ಕೂರುತ್ತದೆ. ಹಾಗೆ ಕೂತು ಕೂತು ಮಣ್ಣನ್ನು ಬೆಸೆದದ್ದೇ ಮುರಕಲ್ಲು. ನಡುವಿನ ಕೆಂಪು, ಹಳದಿ, ಬಿಳಿ ಮಚ್ಚೆಗಳ ಪದರ ನೋಡು, ನೀರು ಏರಿ ಇಳಿದ ಗುರುತು ಅದು. ಅದರ ಕೆಳಗಿನ ಬಿಳಿಯೇ ಶೇಡಿಮಣ್ಣು, ಅದರಡಿ ಬಂಡೆ.

1800-01ರಲ್ಲಿ ಮದ್ರಾಸಿನಿಂದ ಹೊರಟು ಮೈಸೂರು, ಮಲಬಾರು, ಕೆನರಾ ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪುರದಲ್ಲಿ ಇದೇ ಮುರಕಲ್ಲು ನೋಡಿದ. ನೆಲದಲ್ಲಿರುವಾಗ ಕಡಿಯುವಷ್ಟು ಮೆದು, ಗಾಳಿಗೆ ಬಿದ್ದರೆ ಗಟ್ಟಿ ಅಂತ 1807ರ ಪುಸ್ತಕದಲ್ಲಿ ಬರೆದ. ನಮ್ಮ ಕಲ್ಲುಕೋರೆಯವರಿಗೆ ಅದು ಮೊದಲೇ ಗೊತ್ತಿತ್ತು ಬಿಡು.

ಕಬ್ಬಿಣದ ಈ ಓಡಾಟ ಕಣ್ಣಾರೆ ಕಾಣಬೇಕಾ? ಬೈಲುಗದ್ದೆಗೆ ಇಳಿದು ಒಂದು ಬುಡ ಭತ್ತ ಕಿತ್ತು, ಬೇರಿನ ಕೆಸರು ತೊಳೆ. ಕೆಸರು ಬೂದು, ಬೇರು ಮಾತ್ರ ಕೆಂಪು. ಎಲೆಯಿಂದ ಇಳಿದ ಗಾಳಿ ಬೇರಿನಿಂದ ಚೂರು ಹೊರಗೆ ಸೋರುತ್ತದೆ. ನೀರಲ್ಲಿ ಕರಗಿದ್ದ ಕಬ್ಬಿಣ ಅಲ್ಲೇ ತುಕ್ಕಾಗಿ ಬೇರಿಗೆ ಅಂಟುತ್ತದೆ. ಮೊದಲ ಸಲ ನೋಡಿದಾಗ ಗದ್ದೆಯ ಹುಣಿಯ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ! ಕಬ್ಬಿಣ ಮಿತಿಮೀರಿದರೆ ಮಾತ್ರ ಎಲೆಯೂ ಕಂದುಗಟ್ಟುತ್ತದೆ, ಪೈರಿಗೆ ಕಷ್ಟ.

ನಿನ್ನ ಬಾವಿಯಲ್ಲಿ ನನಗೆ ಹೆದರಿಕೆ ಇರುವುದು ಆ ಶೇಡಿಮಣ್ಣಿನದ್ದು. ಒಣಗಿದ್ದಾಗ ಗಟ್ಟಿಮುಟ್ಟಾಗಿ ಕಾಣುತ್ತದೆ, ನೀರು ಕುಡಿದರೆ ಜಾರಿ ಕುಸಿಯುತ್ತದೆ. ಮಳೆ ಹಿಡಿಯುವ ಮೊದಲೇ ಅಷ್ಟು ಭಾಗಕ್ಕೆ ರಿಂಗ್ ಇಳಿಸಲು ಹೇಳು. ಅಲ್ಲಿಯವರೆಗೆ ಯಾರನ್ನೂ ಕೆಳಗೆ ಇಳಿಸಬೇಡ, ನೀನಂತೂ ಫೋಟೋದ ಆಸೆಗೆ ಅಂಚಿಗೆ ಹೋಗಲೇಬೇಡ. ರಿಂಗ್ ಇಳಿಸಿದ ದಿನ ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ. ಚಿಕ್ಕಪ್ಪನ ಮೊಣಕಾಲು ನೋವು ಹೇಗಿದೆ?

ನಿನ್ನ ಅಕ್ಕ