ಸೊಕ್ಕೆಯಿಂದ ತಿರುಪತಿಗೆ: ಆಕಾಶಮಾರ್ಗದ ಲೆಕ್ಕ

ಜಗಳೂರು ತಾಲ್ಲೂಕಿನ ಸೊಕ್ಕೆಯು ನಮ್ಮ ಊರು. ಬಯಲುಸೀಮೆಯ ಈ ಊರಿನಲ್ಲಿ ಆಕಾಶಕ್ಕೆ ಕೊರತೆಯಿಲ್ಲ. ಆದರೆ ಆ ಆಕಾಶವನ್ನು ಏರಬೇಕಾದರೆ ಮೊದಲು ಬಹುದೂರ ನೆಲವನ್ನೇ ಸವೆಸಬೇಕು. ನಮ್ಮ ಮಾತೃಶ್ರೀಯವರಿಗೆ ತಿರುಪತಿಯ ಹರಕೆಯೊಂದು ಬಹುಕಾಲದಿಂದ ಉಳಿದಿದ್ದಿತು. ಮಂಡಿನೋವಿನ ದೆಸೆಯಿಂದ ರಾತ್ರಿಯೆಲ್ಲ ಬಸ್ಸಿನಲ್ಲಿ ಕುಳಿತಿರುವುದು ಅವರಿಗೆ ಅಸಾಧ್ಯವಾಗಿದ್ದಿತು. 2023ರ ಫೆಬ್ರವರಿ 27ರಂದು ಶಿವಮೊಗ್ಗೆಯ ಬಳಿಯ ಸೋಗಾನೆಯಲ್ಲಿ ರಾಷ್ಟ್ರಕವಿ ಕುವೆಂಪು ಅವರ ಹೆಸರಿನ ವಿಮಾನ ನಿಲ್ದಾಣವು ಉದ್ಘಾಟನೆಯಾಯಿತು. ಅದೇ ವರ್ಷದ ನವೆಂಬರಿನಲ್ಲಿ ಅಲ್ಲಿಂದ ತಿರುಪತಿಗೆ ವಿಮಾನಸಂಚಾರವು ಮೊದಲಾದಾಗ, ‘ಒಂದೇ ತಾಸಿನ ದಾರಿ’ ಎಂಬ ಮಾತು ನಮ್ಮ ಮನೆಯವರೆಗೂ ಬಂದಿತು.

ಹೊರಡುವ ಮುನ್ನ ಭೂಪಟವನ್ನು ಹರಡಿಕೊಂಡು ಕುಳಿತೆವು. ಈ ಎರಡು ನಿಲ್ದಾಣಗಳೂ ಹೆಚ್ಚುಕಡಮೆ ಒಂದೇ ಅಕ್ಷಾಂಶದಲ್ಲಿರುವುವು. ರೇಖಾಂಶದ ಅಂತರವು 4 ಡಿಗ್ರಿಗೆ ತುಸು ಕಡಮೆ. ನಮ್ಮ ಸೀಮೆಯಲ್ಲಿ ಒಂದು ರೇಖಾಂಶಕ್ಕೆ ಸುಮಾರು 108 ಕಿಲೋಮೀಟರು. ಆದುದರಿಂದ ಆಕಾಶಮಾರ್ಗವು ಸುಮಾರು 425 ಕಿಲೋಮೀಟರು. ಜೆಟ್ ವಿಮಾನದ ವೇಗವು ಗಂಟೆಗೆ 700 ಕಿಲೋಮೀಟರಿಗೆ ಮೇಲ್ಪಟ್ಟದ್ದು. ಆದರೂ ಓಡುದಾರಿಗೆ ಸಾಗಿ, ಮೇಲೇರಿ, ನಿಧಾನವಾಗಿ ಇಳಿಯಬೇಕಾದುದರಿಂದ ಒಂದು ತಾಸೆಂಬುದು ನ್ಯಾಯವಾದ ಲೆಕ್ಕವೇ.

ಅದೇ ಪಟದಲ್ಲಿ ಸೊಕ್ಕೆಯಿಂದ ತಿರುಪತಿಗೆ ದಾರವನ್ನು ಹಿಡಿದು ನೋಡಿದಾಗ ನಮಗೆ ನಗು ಬಂದಿತು. ನೇರದೂರವು ಸುಮಾರು 350 ಕಿಲೋಮೀಟರು. ವಿಮಾನವು ಹಾರುವುದಕ್ಕಿಂತ ಕಡಮೆ! ಆಗ್ನೇಯದ ಕ್ಷೇತ್ರಕ್ಕೆ ಹೋಗುವ ನಾವು ಮೊದಲು ನೈಋತ್ಯಕ್ಕೆ ಸುಮಾರು 150 ಕಿಲೋಮೀಟರು ರಸ್ತೆಯಲ್ಲಿ ಹೋಗಿ, ಅಲ್ಲಿಂದ ಪೂರ್ವಕ್ಕೆ ತಿರುಗಬೇಕಾಗಿದ್ದಿತು.

ಆದರೂ ಹೊರಟೆವು. ಹಿಂದಿನ ದಿನವೇ ದಾವಣಗೆರೆಯ ಬಂಧುಗಳ ಮನೆಯಲ್ಲಿ ತಂಗಿ, ನಸುಕಿನಲ್ಲಿ ಎದ್ದು, ಹೊನ್ನಾಳಿಯಲ್ಲಿ ತುಂಗಭದ್ರೆಯನ್ನು ದಾಟಿ ಸೋಗಾನೆಯನ್ನು ಸೇರಿದೆವು. ಮೊದಲೇ ತಿಳಿಸಿದ್ದುದರಿಂದ ಮಾತೃಶ್ರೀಯವರಿಗೆ ಗಾಲಿಕುರ್ಚಿಯು ಸಿದ್ಧವಾಗಿದ್ದಿತು. ತಪಾಸಣೆ, ಕಾಯುವಿಕೆಗಳಿಗೆ ಎರಡು ತಾಸು. ಹಾರಾಟಕ್ಕೆ ಒಂದು ತಾಸು. ರೇಣಿಗುಂಟೆಯ ನಿಲ್ದಾಣದಲ್ಲಿ ಇಳಿದು ತಿರುಪತಿಯ ಬಿಡಾರವನ್ನು ಸೇರಲು ಮತ್ತೊಂದು ತಾಸು. ಸೊಕ್ಕೆಯ ಹೊಸಿಲಿನಿಂದ ಎಣಿಸಿದರೆ ಪ್ರಯಾಣವೇ ಎಂಟು ತಾಸಿನದಾಯಿತು.

“ಒಂದೇ ತಾಸು ಅಂದಿದ್ಯಲ್ಲಪ್ಪಾ, ಉಳಿದ ಏಳು ತಾಸು ಯಾರ ಲೆಕ್ಕಕ್ಕೆ ಬರೀತೀಯ?” ಎಂದು ಮಾತೃಶ್ರೀಯವರು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಆದರೆ ಅವರ ಎರಡು ರಾತ್ರಿಯ ನಿದ್ರೆಯೂ ಹಾಸಿಗೆಯ ಮೇಲೆಯೇ ಕಳೆಯಿತು. ಮರುದಿನ ಸ್ವಾಮಿಯ ಸನ್ನಿಧಿಯಲ್ಲಿ ಅವರು ನಮ್ಮ ತೋಳನ್ನು ಹಿಡಿದು, ತಮ್ಮ ಕಾಲಮೇಲೆಯೇ ನಿಂತು ಕೈಮುಗಿದರು. ನಾವು ವಿಮಾನವನ್ನು ಹುಡುಕಿದ್ದು ಅದಕ್ಕಾಗಿಯೇ ಹೊರತು ಬೇಗ ತಲುಪುವುದಕ್ಕಾಗಿ ಅಲ್ಲ.

ವೃದ್ಧರನ್ನು ಕರೆದೊಯ್ಯುವ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ವಿಮಾನಗಳ ವೇಳೆಯೂ ಮಾರ್ಗವೂ ಆಗಾಗ ಬದಲಾಗುವುದರಿಂದ ಮೊದಲೇ ವಿಚಾರಿಸಿಕೊಳ್ಳಿರಿ. ಹಾರುವ ಹೊತ್ತನ್ನು ಮಾತ್ರ ಕೇಳಿ ಮೋಸಹೋಗದೆ, ಮನೆಯ ಹೊಸಿಲಿನಿಂದ ಬಿಡಾರದ ಹೊಸಿಲಿನವರೆಗೆ ಲೆಕ್ಕಹಾಕಿರಿ. ನಡುವೆ ಎಲ್ಲಿ ಮಲಗುವುದೆಂಬುದನ್ನು ಎಲ್ಲಕ್ಕಿಂತ ಮೊದಲು ಗೊತ್ತುಮಾಡಿಕೊಳ್ಳಿರಿ.