ಬಾಗಿಲು ತೆಗೆದವರ ಲೆಕ್ಕ

ತೊಂಬತ್ತರ ದಶಕದಲ್ಲಿ ನಾವು ಜ್ಞಾನಭಾರತಿಯಲ್ಲಿ ಎಂ.ಎ. ಓದುವಾಗ ನಗರ ಸಮಾಜಶಾಸ್ತ್ರ ಎಂದರೆ ಮೊದಲು ಷಿಕಾಗೊ. 1925ರಲ್ಲಿ ಬರ್ಜೆಸ್ ಆ ಊರಿಗೆ ಎಳೆದ ವೃತ್ತಗಳನ್ನು ಕೈವಾರ ಇಟ್ಟು ನಕಲು ಮಾಡುತ್ತಿದ್ದೆವು: ನಡುವೆ ವ್ಯಾಪಾರ, ಅದರಾಚೆ ಬಡವರು, ಹೊರಗೆ ಹೋದಷ್ಟೂ ಅನುಕೂಲಸ್ಥರು. ಬೆಂಗಳೂರಿಗೆ ಇದು ಒಗ್ಗುವುದಿಲ್ಲ. ಇಲ್ಲಿ ಪೇಟೆ ಒಂದು ನಡು, ದಂಡು ಇನ್ನೊಂದು. 1898ರ ಪ್ಲೇಗಿನ ಹೊತ್ತಿಗೆ ಎದ್ದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ನಿವೇಶನ ಹಂಚುವಾಗಲೇ ಜಾತಿ ನೋಡಿದ್ದರು. ಅದು ನಮ್ಮ ನೋಟ್ಸಿನಲ್ಲಿರಲಿಲ್ಲ. ವೃತ್ತ ದುಂಡಗೆ ಬಂದರೆ ಅಂಕ ಬರುತ್ತಿತ್ತು.

ಕ್ಷೇತ್ರಕಾರ್ಯಕ್ಕೆ ಮಾತ್ರ ಕೊಳೆಗೇರಿಯೇ ಆಗಬೇಕು. ಸೈಕ್ಲೋಸ್ಟೈಲ್ ಮಾಡಿದ ಪ್ರಶ್ನಾವಳಿ ಹಿಡಿದು ಹೋಗುತ್ತಿದ್ದೆವು. ಪಡಿತರ ಚೀಟಿ ಇದೆಯೇ, ನಲ್ಲಿ ಎಷ್ಟು ದೂರ, ಹಕ್ಕುಪತ್ರ ಸಿಕ್ಕಿದೆಯೇ, ಗಂಡ ಕುಡಿಯುತ್ತಾನೆಯೇ. (ಕೊನೆಯದನ್ನು ಯಾವ ಪುಣ್ಯಾತ್ಮ ಸೇರಿಸಿದ್ದನೋ!) ಯಾರೂ ಆಗುವುದಿಲ್ಲ ಎನ್ನುತ್ತಿರಲಿಲ್ಲ, ಚಾಪೆ ಹಾಸಿ ಕೂರಿಸುತ್ತಿದ್ದರು. ಕೊಡದ ಲೆಕ್ಕದಲ್ಲಿ ನೀರು ಕೊಳ್ಳುತ್ತಿದ್ದ ಒಬ್ಬಾಕೆ ಎಲ್ಲಕ್ಕೂ ಉತ್ತರ ಹೇಳಿ, "ನಿಮ್ಮನೇಲಿ ನೀರಿಗೆ ತಿಂಗಳಿಗೆ ಎಷ್ಟು ಕಟ್ತೀರಪ್ಪಾ?" ಎಂದರು. ನನಗೆ ಗೊತ್ತಿರಲಿಲ್ಲ, ಬಿಲ್ಲು ಅಪ್ಪ ಕಟ್ಟುತ್ತಿದ್ದರು. ಅದನ್ನು ಬರೆದುಕೊಳ್ಳಲು ನಮ್ಮ ಹಾಳೆಯಲ್ಲಿ ಅಂಕಣವೂ ಇರಲಿಲ್ಲ. ಜಯನಗರದ ಮನೆಗಳಿಗೆ ಪ್ರಶ್ನಾವಳಿ ಹಿಡಿದು ಹೋಗಿ ಎಂದು ಯಾವ ಮೇಷ್ಟರೂ ಹೇಳಿದ್ದಿಲ್ಲ.

ನಮ್ಮ ಪ್ರಬಂಧಗಳೆಲ್ಲ ಸರ್ಕಾರ ಮನೆ ಕಟ್ಟಿಕೊಡಬೇಕು ಎಂಬಲ್ಲಿಗೆ ಮುಗಿಯುತ್ತಿದ್ದವು. ಈಜಿಪುರದಲ್ಲಿ ಕಟ್ಟಿಯೂ ಕೊಟ್ಟಿದ್ದರು, 42 ಬ್ಲಾಕ್. ಆಮೇಲೆ ಒಂದು ಬ್ಲಾಕ್ ಕುಸಿಯಿತು. 2013ರ ಜನವರಿಯಲ್ಲಿ ಪಾಲಿಕೆ ಪೊಲೀಸರನ್ನೂ ಜೆಸಿಬಿಗಳನ್ನೂ ತಂದು ಉಳಿದವರನ್ನು ಎಬ್ಬಿಸಿತು. ಆ ಜಾಗದ ಒಂದು ಪಾಲು ಮಾಲ್‌ಗೆಂದು ಒಪ್ಪಂದವಾಗಿತ್ತು.

ಈಗ ಸ್ನೇಹಿತನ ಮಗಳು ಅದೇ ವಿಷಯ ಓದುತ್ತಿದ್ದಾಳೆ. ಸಾಮಾಜಿಕ ನ್ಯಾಯ ಮತ್ತು ನಗರದ ಬಗ್ಗೆ ಡೇವಿಡ್ ಹಾರ್ವಿ 1973ರಲ್ಲೇ ಬರೆದ, ನಮ್ಮ ಕೈಗೆ ಬಾರದ ಪುಸ್ತಕ ಅವಳ ಮೊಬೈಲಿನಲ್ಲಿದೆ. ಅಂಬೇಡ್ಕರ್ ಈಗ ಪಠ್ಯದಲ್ಲೇ ಇದ್ದಾರೆ. ನಮಗಿಂತ ಚೆನ್ನಾಗಿ ಓದಿಕೊಂಡ ಹುಡುಗಿ. ಅವಳು ಆರಿಸಿಕೊಂಡಿದ್ದು ಹೊರವಲಯದ ಅಪಾರ್ಟ್‌ಮೆಂಟುಗಳು ದಿನಕ್ಕೆ ಎಷ್ಟು ಟ್ಯಾಂಕರ್ ನೀರು ತರಿಸುತ್ತವೆ ಎಂಬ ವಿಷಯ. ಗೇಟಿನಲ್ಲಿ ಸೆಕ್ಯೂರಿಟಿಯವರು ಒಂದೊಂದೇ ಫ್ಲ್ಯಾಟಿಗೆ ಫೋನ್ ಹಚ್ಚಿದರು, ಯಾರೂ ಒಳಗೆ ಬಿಡಿ ಎನ್ನಲಿಲ್ಲ. ಅಸೋಸಿಯೇಷನ್ನಿಗೆ ಪತ್ರ ಕೊಡಿ ಎಂದರು, ಕೊಟ್ಟಳು, ಉತ್ತರವಿಲ್ಲ. ಹಿಂಭಾಗದಲ್ಲಿ ನೀಲಿ ಟಾರ್ಪಾಲಿನ ಶೆಡ್ಡುಗಳಿದ್ದವು. ಯಾದಗಿರಿ, ರಾಯಚೂರು ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು. ಅಲ್ಲಿ ಸಂಜೆಯೊಳಗೆ ಫಾರಂಗಳೆಲ್ಲ ತುಂಬಿದವು.

ಗೈಡ್ ಒಪ್ಪಿದ್ದಾರೆ. ಪ್ರಬಂಧದ ಹೆಸರು ಈಗ "ವಲಸೆ ಕಾರ್ಮಿಕರ ನೀರಿನ ಸಮಸ್ಯೆ".